ಮೂರು ವರ್ಷ ಹೊಟ್ಟೆಗೆ ಏನು, ಸಾಹೇಬ್ರ?

ಗೆಳೆಯರೇ, ಜಜ್ಜರಿಗೂ ಒಂದು ಸಂಘ ಐತಿ, ಗೊತ್ತೇನು? ಕರ್ನಾಟಕ ರಾಜ್ಯ ನ್ಯಾಯಾಂಗ ಅಧಿಕಾರಿಗಳ ಸಂಘ. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿ ಕೋರ್ಟುಗಳಲ್ಲಿ ಎತ್ತರದ ಕುರ್ಚಿಯ ಮೇಲೆ ಕೂರುವ ಸಾಹೇಬರ ಪರವಾಗಿ ಮಾತಾಡುವ ಸಂಘ. ಮಗ್ಗದವರಿಗೆ ಸಂಘ ಇದೆ, ಕಬ್ಬು ಬೆಳೆದವರಿಗೆ ಸಂಘ ಇದೆ, ಜಜ್ಜರಿಗೆ ಯಾಕಿರಬಾರದು? ಇರಲಿ. ಆದರೆ ಅದರ ಮುಂದಾಳುಗಳು ಏನು ಕೇಳುತ್ತಾರೆ, ಯಾರಿಗಾಗಿ ಕೇಳುತ್ತಾರೆ ಅನ್ನುವುದು ಹಾಸ್ಟೆಲಿನ ನಮಗೂ ಸಂಬಂಧಪಟ್ಟ ಮಾತು.

ಈ ಸಂಘ ಸಂಪು ಹೂಡುವಂತಿಲ್ಲ, ಬೀದಿಗಿಳಿಯುವಂತಿಲ್ಲ. ಸಂವಿಧಾನದ 235ನೇ ವಿಧಿಯಂತೆ ಕೆಳಗಿನ ಕೋರ್ಟುಗಳೆಲ್ಲ ಹೈಕೋರ್ಟಿನ ಹತೋಟಿಯಲ್ಲಿ. ಸಂಘದ ಮುಂದಾಳಿನ ವರ್ಗಾವಣೆ, ಬಡ್ತಿಯ ಹಗ್ಗವೂ ಅಲ್ಲೇ. ಹೀಗಾಗಿ ಜಜ್ಜರು ಅರ್ಜಿ ಬರೆಯುತ್ತಾರೆ, ಖಟ್ಲೆ ಹೂಡುತ್ತಾರೆ. ಅಖಿಲ ಭಾರತ ಜಜ್ಜರ ಸಂಘ 1989ರಲ್ಲಿ ಹೂಡಿದ ಖಟ್ಲೆಯಲ್ಲಿ 1991ರಲ್ಲಿ ತೀರ್ಪು ಬಂತು: ನಿವೃತ್ತಿ ವಯಸ್ಸು 60 ಆಗಲಿ, ಇರಲು ಮನೆ, ಓದಲು ಪುಸ್ತಕ, ಓಡಾಡಲು ಗಾಡಿ ಕೊಡಿ. 1996ರಲ್ಲಿ ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ವೇತನ ಆಯೋಗ ಬಂತು. ಇದನ್ನು ನಾನು ಹೀಗಳೆಯುವುದಿಲ್ಲ. ಅರೆಹೊಟ್ಟೆಯ ಜಜ್ಜು ಊರ ಗೌಡನ ಮುಂದೆ ನೆಟ್ಟಗೆ ಕೂರಲಾರ.

ಆದರೆ ಅದೇ ಖಟ್ಲೆಯೊಳಗೆ ನಮ್ಮ ಬಾಗಿಲೂ ಸಿಕ್ಕಿಕೊಂಡಿದೆ. ಸಿವಿಲ್ ಜಜ್ ಆಗಬೇಕಾದರೆ ಮೂರು ವರ್ಷ ವಕೀಲಿ ಮಾಡಿರಬೇಕು ಎಂದು 1993ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2002ರಲ್ಲಿ ಶೆಟ್ಟಿ ಆಯೋಗದ ಮಾತು ಒಪ್ಪಿ ಅದನ್ನು ತೆಗೆಯಿತು. 2025ರ ಮೇ 20ರಂದು ಮೂರು ವರ್ಷ ಮತ್ತೆ ಬೇಕೆಂದಿತು. ಆ ಪೀಠದ ಹಿರಿಯರು ಅಂದಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ. ರಿಪಬ್ಲಿಕನ್ ಪಕ್ಷದ ಆರ್.ಎಸ್. ಗವಾಯಿ ಅವರ ಮಗ, ನಮ್ಮವರು. ಅದಕ್ಕೇ ಪೆಟ್ಟು ಸೀದಾ ಎದೆಗೆ ಬಿತ್ತು.

ಕೋರ್ಟು ಕಾಣದ ಹುಡುಗ ಒಮ್ಮೆಲೇ ತೀರ್ಪು ಬರೆದರೆ ಕಕ್ಷಿದಾರ ಹಾಳಾಗುತ್ತಾನೆ ಅನ್ನುತ್ತಾರೆ. ಬಹುತೇಕ ಹೈಕೋರ್ಟುಗಳು ಹಾಗೇ ಹೇಳಿದವು. ಸುಳ್ಳಲ್ಲ. ಆಲಮಟ್ಟಿ ಹಿನ್ನೀರಿಗೆ ಹೊಲ ಕಳಕೊಂಡ ಬೀಳಗಿಯ ರೈತನ ಪರಿಹಾರದ ಖಟ್ಲೆ ಅರಿಯದವನ ಕೈಗೆ ಬೀಳಬಾರದು. ನನ್ನ ಪ್ರಶ್ನೆ ಬೇರೆ. ಆ ಮೂರು ವರ್ಷ ಅನ್ನ ಎಲ್ಲಿಂದ?

ನಾನು ಆರ್ಟ್ಸ್ ಓದಿ ಕವಿತೆ ಗೀಚುವವ. ನನ್ನ ರೂಮಿನ ಗೆಳೆಯ ಎಲ್‌ಎಲ್‌ಬಿ. ಅವನವ್ವ ಮುಧೋಳದ ಕಡೆ ಕಬ್ಬು ಕಡಿಯೋ ಗ್ಯಾಂಗಿನಲ್ಲಿ. ಒಬ್ಬ ಸೀನಿಯರ್ ವಕೀಲರ ಹತ್ತಿರ ಹೋದ. "ಅಡ್ಡಹೆಸರೇನಪಾ?" ಅಂದರು. ಹೇಳಿದ. "ಈಗ ಜಾಗಾ ಇಲ್ಲ ತಮ್ಮಾ, ಮುಂದ ನೋಡೋಣು." ಇನ್ನೊಬ್ಬರು ಸೇರಿಸಿಕೊಂಡರು. ದಿನವೆಲ್ಲ ಫೈಲು ಹೊರುತ್ತಾನೆ, ಸಂಜೆ ಚಹಾಕ್ಕೆ ಇಪ್ಪತ್ತು ರೂಪಾಯಿ. ಜೂನಿಯರನಿಗೆ ಹಳ್ಳಿ ಕಡೆ ತಿಂಗಳಿಗೆ 15,000, ಪಟ್ಟಣದಲ್ಲಿ 20,000 ರೂಪಾಯಿ ಕೊಡಿ ಎಂದು ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರಲ್ಲಿ ಸುತ್ತೋಲೆ ಕಳಿಸಿತು. ಬರೇ ಶಿಫಾರಸು, ಕಡ್ಡಾಯವಲ್ಲ. ಸಮಾಜ ಕಲ್ಯಾಣ ಇಲಾಖೆಯ ತರಬೇತಿ ಭತ್ಯೆ ಆಯ್ಕೆಯಾದ ಕೆಲವರಿಗೆ. ಬಾಬಾಸಾಹೇಬರೇ 1923ರಲ್ಲಿ ಮುಂಬಯಿಯಲ್ಲಿ ವಕೀಲಿ ಶುರು ಮಾಡಿದ ಮೇಲೂ 1925ರಿಂದ 1928ರ ತನಕ ಬಾಟ್ಲಿಬಾಯ್ ಅಕೌಂಟೆನ್ಸಿ ಸಂಸ್ಥೆಯಲ್ಲಿ ಪಾಠ ಹೇಳಬೇಕಾಯಿತು. ಲಂಡನ್ನಿನ ಬ್ಯಾರಿಸ್ಟರ್ ಪಾಡೇ ಹಾಗಾದರೆ ಗ್ಯಾಂಗಿನ ಹೆಣ್ಣಮಗಳ ಮಗನದೇನು?

ಇನ್ನೊಂದು ಸಂಗತಿ ನಮ್ಮವರು ಗಮನಿಸಿಲ್ಲ. ಮೂರು ವರ್ಷ ವಕೀಲಿ ಮಾಡಿದ್ದಕ್ಕೆ ಪತ್ರ ಬೇಕು. ಅದನ್ನು ಆ ಕೋರ್ಟಿನ ಪ್ರಧಾನ ನ್ಯಾಯಾಧೀಶರು ಕೊಡಬೇಕು, ಇಲ್ಲವೇ ಹತ್ತು ವರ್ಷ ಅನುಭವದ ವಕೀಲ ಬರೆದದ್ದಕ್ಕೆ ಜಿಲ್ಲೆಯ ಪ್ರಧಾನ ನ್ಯಾಯಾಧೀಶರು ಒಪ್ಪಿಗೆ ಹಾಕಬೇಕು. ಅಂದರೆ ಪೆನ್ನು ಈಗ ಜಜ್ಜರ ಕೈಯಲ್ಲೇ ಇದೆ. ನಮ್ಮದು ಸಂಬಳ, ವಸತಿಯ ಸಂಘ ಅಂತ ಹೇಳಿ ಮುಂದಾಳುಗಳು ಸುಮ್ಮನಿರಲಾಗದು. ತಮಗೆ ಮನೆ ಬೇಕೆಂದು ಖಟ್ಲೆ ಹೂಡಿದವರು, ನಾಳೆ ತಮ್ಮ ಸಾಲಿನಲ್ಲಿ ಕೂರಬೇಕಾದ ಹುಡುಗ ಹುಡುಗಿಯರ ಮೂರು ವರ್ಷದ ಊಟವನ್ನೂ ಕೇಳಲಿ. ಹೈಕೋರ್ಟಿಗೆ ಬರೆಯಲಿ, ಸರಕಾರಕ್ಕೆ ಬರೆಯಲಿ. ಅಡ್ಡಹೆಸರು ಕೇಳುವ ಸೀನಿಯರನ ಹಂಗಿಲ್ಲದೆ ಪತ್ರ ಸಿಗುವ ದಾರಿ ಮಾಡಲಿ.

ಸಂಘದ ಅಧ್ಯಕ್ಷರಿಗೆ ಒಂದು ಮನವಿ ಬರೆದಿದ್ದೇವೆ. ನಾಲ್ಕೂ ತಾಲೂಕಿನ ಹಾಸ್ಟೆಲಿನವರು ಸಹಿ ಹಾಕಿರಿ, ಹೆಣ್ಣುಮಕ್ಕಳ ಹಾಸ್ಟೆಲಿಗೂ ಒಂದು ಪ್ರತಿ ಮುಟ್ಟಲಿ. ಗೆಳೆಯ ಸೋಮವಾರ ಬನಹಟ್ಟಿ ಕೋರ್ಟಿಗೆ ಹೋಗಬೇಕು. ಬಸ್ ಚಾರ್ಜು ರೂಮಿನವರು ಕೂಡಿಸಿದ್ದೇವೆ. ಕರೀಕೋಟು ಮಾತ್ರ ಇನ್ನೊಬ್ಬರದು, ಸಂಜೆಗೆ ವಾಪಸ್ ಕೊಡಬೇಕು.