ಭುಜದ ನೋವು, ಬಾಕಿಯ ಲೆಕ್ಕ



ಕ್ಷಮಾವಣಿಯ ದಿನ ಎಲ್ಲರಿಗೂ ಕೈಮುಗಿದು ಕ್ಷಮೆ ಕೇಳುವ ನಾವು ದವಾಖಾನೆಯ ಮೇಲೆ ದಾವೆ ಹಾಕಬಹುದೇ? ಜತ್ತ ತಾಲೂಕಿನ ಕಿರಾಣಿ ವ್ಯಾಪಾರಿ ಬಂಧುಗಳೊಬ್ಬರ ಪ್ರಶ್ನೆಯಿದು. ತಗಡು ತಾಗಿ ಗಾಯವಾದಾಗ ಖಾಸಗಿ ದವಾಖಾನೆಯಲ್ಲಿ ಧನುರ್ವಾತದ ಇಂಜೆಕ್ಷನ್ ಮಾಡಿಸಿಕೊಂಡರು. ಮರುದಿನ ಹಿಡಿದ ಭುಜ ಎಂಟು ತಿಂಗಳಾದರೂ ಬಿಟ್ಟಿಲ್ಲ. ಮೇಲಿನ ಹಲಗೆಯಿಂದ ಎಣ್ಣೆಯ ಡಬ್ಬಿ ಇಳಿಸಲಾರರು. ಅದಕ್ಕೆಂದೇ ಒಬ್ಬ ಆಳು ಇಟ್ಟಿದ್ದಾರೆ. ಮನೆಯಲ್ಲಿ ಮಾತ್ರ "ಅಸಾತಾವೇದನೀಯ ಕರ್ಮ, ಸುಮ್ಮನಿರಿ" ಎನ್ನುತ್ತಾರಂತೆ.

ಕರ್ಮದ ಮಾತು ಸರಿಯೇ. ಆದರೆ ಬಾಕಿ ಕೇಳುವಾಗ ನಾವು ಗಿರಾಕಿಯನ್ನು ದ್ವೇಷಿಸುತ್ತೇವೆಯೇ? ಕ್ಷಮೆಯಲ್ಲಿ ಬಿಡಬೇಕಾದದ್ದು ಸಿಟ್ಟು, ಲೆಕ್ಕವಲ್ಲ. ಆಳಿನ ಪಗಾರ, ಔಷಧದ ಖರ್ಚು ಯಾರಾದರೂ ಹೊರಲೇಬೇಕಲ್ಲ.

ಸೂಜಿ ತೋಳಿನ ದಪ್ಪ ಸ್ನಾಯುವಿಗೆ ಹೋಗಬೇಕು. ಭುಜದ ಎಲುಬಿನ ತುದಿಗೆ ತೀರ ಹತ್ತಿರ ಚುಚ್ಚಿದರೆ ಮದ್ದು ಕೀಲಿನ ಬಳಿಯ ಚೀಲಕ್ಕಿಳಿದು ಬಾವು ಬರಬಹುದು. ನೋವು ಸಾಮಾನ್ಯವಾಗಿ ಎರಡು ದಿನದೊಳಗೇ ಶುರುವಾಗುತ್ತದೆ. ಇಂಥದ್ದು ಅಪರೂಪ. ಇದಕ್ಕೆ ಹೆದರಿ ಲಸಿಕೆ ಬಿಡಬೇಡಿರಿ, ಧನುರ್ವಾತ ಜೀವವನ್ನೇ ತೆಗೆಯುತ್ತದೆ.

ಅಮೇರಿಕೆಯಲ್ಲಿ ಇದಕ್ಕೊಂದು ನಿಧಿಯೇ ಇದೆ. 1986ರ ಕಾನೂನಿನಿಂದ ಬಂದದ್ದು. ಲಸಿಕೆಗಳ ಮೇಲಿನ ಸುಂಕದಿಂದ ಹಣ ಕೂಡುತ್ತದೆ. 2017ರಲ್ಲಿ ಭುಜದ ಗಾಯವನ್ನೂ ಪಟ್ಟಿಗೆ ಸೇರಿಸಿದರು. ನೋವು 48 ತಾಸಿನೊಳಗೆ ಶುರುವಾಗಿ ಉಳಿದ ಷರತ್ತುಗಳೂ ಕೂಡಿಬಂದರೆ ಯಾರ ತಪ್ಪೆಂದು ಸಾಧಿಸಬೇಕಿಲ್ಲ. ಅಲ್ಲಿರುವ ನಮ್ಮ ಮಕ್ಕಳು ಮೂರು ವರ್ಷದೊಳಗೆ ಅರ್ಜಿ ಹಾಕಬೇಕು.

ನಮ್ಮಲ್ಲಿ ಗ್ರಾಹಕ ಆಯೋಗದ ದಾರಿ ಹತ್ತಿರದ್ದು. ಹಣ ಕೊಟ್ಟು ಪಡೆದ ಚಿಕಿತ್ಸೆಯೂ ಗ್ರಾಹಕ ಕಾನೂನಿಗೆ ಒಳಪಡುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. ಎಲ್ಲರಿಗೂ ಪುಕ್ಕಟೆ ಹಾಕುವ ಸರಕಾರಿ ದವಾಖಾನೆಗೆ ಇದು ಹತ್ತುವುದಿಲ್ಲ. 2019ರ ಕಾಯ್ದೆಯಂತೆ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ದವಾಖಾನೆ ವಿಜಯಪುರದಲ್ಲಿದ್ದರೂ ಜತ್ತದವರಿಗೆ ಸಾಂಗಲಿ ಸಾಕು. ಅವಧಿ ಎರಡು ವರ್ಷ. ದವಾಖಾನೆಗೆ ಕೊಟ್ಟದ್ದು 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ.

ಕಷ್ಟವಿರುವುದು ಪುರಾವೆಯಲ್ಲಿ. ನಿಷ್ಕಾಳಜಿಯನ್ನು ನಾವೇ ತೋರಿಸಬೇಕು. ನೋವು ಶುರುವಾದ ದಿನ ಬರೆದ ಚೀಟಿ, ಎಲುಬಿನ ಡಾಕ್ಟರ ಅಭಿಪ್ರಾಯ, ಸ್ಕ್ಯಾನಿಂಗ್ ವರದಿ, ಎಲ್ಲಕ್ಕೂ ಮೊದಲು ಇಂಜೆಕ್ಷನ್ನಿನ ಬಿಲ್ಲು. ಗಿರಾಕಿಗೆ ಪಕ್ಕಾ ಬಿಲ್ಲು ಬರೆದುಕೊಡುವ ನಾವೇ ದವಾಖಾನೆಯಿಂದ ಬರಿಗೈಲಿ ಎದ್ದು ಬರುತ್ತೇವೆ! ಬಿಲ್ಲಿಲ್ಲದಿದ್ದರೆ ನಕಲು ಪ್ರತಿಯನ್ನು ಈಗಲೇ ಬರಹದಲ್ಲಿ ಕೇಳಿರಿ, ಕೇಳಿದ ಪತ್ರದ ಪ್ರತಿಯೊಂದನ್ನು ಮನೆಯಲ್ಲಿಟ್ಟುಕೊಳ್ಳಿರಿ.