ಹರೆಯದ ಸ್ನೇಹವೂ ಆಕರ್ಷಣೆಯೂ

ಬೆಳಕು, ಶಾಖ, ವಿದ್ಯುತ್ತು ಮುಂತಾದವುಗಳ ವಿಚಾರ ಬರತಕ್ಕ ವಿಜ್ಞಾನ ಪತ್ರಿಕೆಯಲ್ಲಿ ಹುಡುಗ ಹುಡುಗಿಯರ ಸ್ನೇಹದ ಪ್ರಸ್ತಾಪವೇಕೆಂದು ಕೆಲವು ವಾಚಕರು ಕೇಳಬಹುದು. ಹರೆಯವೂ ಪ್ರಕೃತಿಯ ಒಂದು ವ್ಯಾಪಾರವೇ ಎಂಬುದು ನಮ್ಮ ಉತ್ತರ. ಗುರುತ್ವಾಕರ್ಷಣೆಯನ್ನು ಕುರಿತು ವಿದ್ಯಾರ್ಥಿಗಳಿಗೆ ನಾವು ಪಾಠ ಹೇಳುತ್ತೇವೆ. ಒಬ್ಬರನ್ನು ಕಂಡಾಗ ಎದೆ ಏಕೆ ಜೋರಾಗಿ ಬಡಿದುಕೊಳ್ಳುತ್ತದೆಂಬುದನ್ನು ಮಾತ್ರ ಅವರು ಸಿನಿಮಾದಿಂದಲೂ ಗೆಳೆಯರ ಪಿಸುಮಾತಿನಿಂದಲೂ ಕಲಿಯಬೇಕಾಗಿದೆ. ಇವೆರಡೂ ನಂಬತಕ್ಕ ಗುರುಗಳಲ್ಲ.

ಮೂಡುಬಿದಿರೆಯ ಸಮೀಪದ ತೋಡಾರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮಂಗಳೂರಿನಿಂದ ಕಾರ್ಕಳದ ಕಡೆಗೆ ಹೋಗುವ ಹೆದ್ದಾರಿಯ ಮೇಲಿನ ಊರು ಇದು. ಇಲ್ಲಿಯೇ ಒಂದು ಎಂಜಿನಿಯರಿಂಗ್ ಕಾಲೇಜು, ನೆರೆಯ ಮಿಜಾರಿನಲ್ಲಿ ಮತ್ತೊಂದು ಉಂಟು. ಮೂಡುಬಿದಿರೆಯಂತೂ ಸಾವಿರ ಕಂಬದ ಬಸದಿಗೆ ಎಷ್ಟು ಹೆಸರಾಗಿದೆಯೋ ಈಗ ಶಾಲೆ ಕಾಲೇಜುಗಳಿಗೂ ಅಷ್ಟೇ ಹೆಸರಾಗಿದೆ. ತುಳು, ಬ್ಯಾರಿ, ಕೊಂಕಣಿ ಮನೆಮಾತಿನ ಮಕ್ಕಳು ಒಂದೇ ನಿಲ್ದಾಣದಲ್ಲಿ ಒಂದೇ ಬಸ್ಸಿಗಾಗಿ ಕಾಯುತ್ತಾರೆ. ಪ್ರಯೋಗಶಾಲೆಯಲ್ಲಿ ಒಂದೇ ಮೇಜಿನ ಮುಂದೆ ನಿಲ್ಲುತ್ತಾರೆ. ರೆಕಾರ್ಡ್ ಪುಸ್ತಕವನ್ನು ಕಡ ತಂದು ಬರೆಯುತ್ತಾರೆ. ಸ್ನೇಹ ಬೆಳೆಯುವುದು ಹೀಗೆಯೇ. 1950ರಲ್ಲಿ ಲಿಯೋನ್ ಫೆಸ್ಟಿಂಗರ್ ಮತ್ತು ಅವರ ಸಂಗಡಿಗರು ಅಮೆರಿಕದ ವಿದ್ಯಾರ್ಥಿ ವಸತಿಗಳ ಮೇಲೆ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಅದರ ಪ್ರಕಾರ, ಪಕ್ಕಪಕ್ಕದ ಮನೆಯವರಲ್ಲಿ ನೂರಕ್ಕೆ 41 ಮಂದಿ ಆಪ್ತ ಸ್ನೇಹಿತರಾಗಿದ್ದರೆ, ಅದೇ ಮಹಡಿಯ ಎರಡು ತುದಿಗಳ ಮನೆಯವರಲ್ಲಿ ನೂರಕ್ಕೆ 10 ಮಂದಿ ಮಾತ್ರ ಹಾಗಿದ್ದರು. ಸಾಮೀಪ್ಯಕ್ಕೆ ಅಷ್ಟು ಬಲವಿದೆ. ಅದು ಜಾತಿ ಮತಗಳನ್ನು ವಿಚಾರಿಸುವುದಿಲ್ಲ.

ಈ ಸ್ನೇಹದ ನಡುವೆ ಒಂದು ದಿನ ಆಕರ್ಷಣೆ ಮೊಳೆಯುತ್ತದೆ. ವಿದ್ಯಾರ್ಥಿಗಳು ಇದನ್ನು ‘ಕ್ರಶ್’ ಎನ್ನುತ್ತಾರೆ. ಇದರ ಹಿನ್ನೆಲೆ ಶರೀರಶಾಸ್ತ್ರಕ್ಕೆ ಸೇರಿದುದು. ಸಾಮಾನ್ಯವಾಗಿ ಹುಡುಗಿಯರಲ್ಲಿ 8ರಿಂದ 13ನೆಯ ವಯಸ್ಸಿನೊಳಗೆ, ಹುಡುಗರಲ್ಲಿ 9ರಿಂದ 14ರೊಳಗೆ, ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಭಾಗವು ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ. ಅದರಿಂದ ಹೊರಟ ಹಾರ್ಮೋನುಗಳು ದೇಹವನ್ನೆಲ್ಲ ಬದಲಾಯಿಸತೊಡಗುತ್ತವೆ. ಮಿದುಳಿನಲ್ಲಿ ಸಂತೋಷವನ್ನು ಅರಸುವ ವ್ಯವಸ್ಥೆ ಈ ವಯಸ್ಸಿನಲ್ಲಿ ಚುರುಕಾಗುತ್ತದೆ. ಹಿಂದುಮುಂದು ಯೋಚಿಸುವ ಮುಂಭಾಗವಾದರೋ ಇಪ್ಪತ್ತು ದಾಟಿದ ಮೇಲೂ ಪಕ್ವವಾಗುತ್ತಲೇ ಇರುತ್ತದೆ. ಆದುದರಿಂದ ಆಕರ್ಷಣೆ ಯಾರ ತಪ್ಪೂ ಅಲ್ಲ. ಜ್ವರ ಬಂದವನನ್ನು ನಾವು ಜರೆಯುವುದಿಲ್ಲವಷ್ಟೆ.

ಆದರೆ ಎದೆಯ ಬಡಿತವನ್ನು ಪ್ರಮಾಣವೆಂದು ನಂಬಬಾರದು. ಡೊನಾಲ್ಡ್ ಡಟನ್ ಮತ್ತು ಆರ್ಥರ್ ಆರನ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಸ್ವಾರಸ್ಯವಾಗಿದೆ. ಕೆನಡದ ಕ್ಯಾಪಿಲಾನೊ ನದಿಯ ಮೇಲೆ, ಸುಮಾರು 70 ಮೀಟರ್ ಎತ್ತರದಲ್ಲಿ, ಒಂದು ತೂಗುಸೇತುವೆ ಇದೆ. ಅದನ್ನು ದಾಟುವ ಗಂಡಸರನ್ನು ತರುಣಿಯೊಬ್ಬಳು ನಿಲ್ಲಿಸಿ, ಕೆಲವು ಪ್ರಶ್ನೆಗಳನ್ನು ಕೇಳಿ, ತನ್ನ ದೂರವಾಣಿ ಸಂಖ್ಯೆಯನ್ನು ಕೊಟ್ಟಳು. ಸಂಖ್ಯೆಯನ್ನು ಪಡೆದ 18 ಮಂದಿಯಲ್ಲಿ 9 ಮಂದಿ ಅನಂತರ ಅವಳಿಗೆ ಕರೆ ಮಾಡಿದರು. ಅಲುಗಾಡದ ಬೇರೊಂದು ಸೇತುವೆಯ ಮೇಲಾದರೆ 16 ಮಂದಿಯಲ್ಲಿ ಇಬ್ಬರು ಮಾತ್ರ. ಎತ್ತರದ ಭಯದಿಂದ ಹುಟ್ಟಿದ ಎದೆಬಡಿತವನ್ನು ಅವರು ತರುಣಿಯ ಮೇಲಿನ ಮೋಹವೆಂದು ತಿಳಿದರೆಂಬುದು ಪ್ರಯೋಗಕರ್ತರ ವಿವರಣೆ. ಸಂಖ್ಯೆಗಳು ಸಣ್ಣವು, ಒಪ್ಪತಕ್ಕದ್ದೇ. ಆದರೂ ಪರೀಕ್ಷೆಯ ಆತಂಕ, ವಾರ್ಷಿಕೋತ್ಸವದ ಸಡಗರ, ಕದ್ದು ಮಾತನಾಡುವ ಭಯ ಇವೆಲ್ಲ ಎದೆಯನ್ನು ಬಡಿಸಬಲ್ಲವು. ಒಂದೇ ಅವಲೋಕನದಿಂದ ಸಿದ್ಧಾಂತವನ್ನು ಕಟ್ಟಬಾರದೆಂಬ ನಿಯಮ ಇಲ್ಲಿಯೂ ಸಲ್ಲುತ್ತದೆ.

ಇನ್ನು ತೊಡಕಿನ ವಿಚಾರ. ಪರಸ್ಪರ ಆಕರ್ಷಿಸುವ ಎರಡು ಕಾಯಗಳ ಚಲನೆಯನ್ನು ನ್ಯೂಟನ್ನನ ನಿಯಮಗಳಿಂದ ಪೂರ್ಣವಾಗಿ ಲೆಕ್ಕಹಾಕಬಹುದು. ಮೂರನೆಯ ಕಾಯವೊಂದು ಸೇರಿತೆಂದರೆ ಲೆಕ್ಕ ಬಿಗಡಾಯಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪೊಯಾಂಕರೆಯಂಥ ಮಹಾ ಗಣಿತಜ್ಞನೂ ಇದಕ್ಕೆ ಸರಳ ಪರಿಹಾರವಿಲ್ಲವೆಂದು ಕಂಡುಕೊಂಡನು. ಮೂವರು ಸ್ನೇಹಿತರಲ್ಲಿ ಇಬ್ಬರು ಹತ್ತಿರವಾದಾಗ ಮೂರನೆಯವರಿಗೆ ಆಗುವ ಏಕಾಕಿತನವನ್ನೂ, ಇಬ್ಬರು ಗೆಳತಿಯರು ಒಬ್ಬನನ್ನೇ ಮೆಚ್ಚಿದಾಗ ಮೌನವಾಗಿ ಮುರಿಯುವ ಸಖ್ಯವನ್ನೂ ಬಲ್ಲವರು ಬಲ್ಲರು. ಆದರೆ ಒಂದು ವ್ಯತ್ಯಾಸವಿದೆ. ಗ್ರಹಗಳಿಗೆ ಮಾತು ಬಾರದು, ನಮಗೆ ಬರುತ್ತದೆ. ‘ನಿನ್ನನ್ನು ಮರೆತಿಲ್ಲ’ ಎಂಬ ಒಂದು ಮಾತು ಹಳೆಯ ಸ್ನೇಹವನ್ನು ಉಳಿಸೀತು.

ಸ್ನೇಹವನ್ನು ಹೆಚ್ಚಾಗಿ ಕೆಡಿಸುವುದು ಆಕರ್ಷಣೆಯಲ್ಲ, ಅದರ ಸುತ್ತ ನೆರೆಯುವ ಪ್ರೇಕ್ಷಕರು ಎಂಬುದು ನಮ್ಮ ಅಭಿಪ್ರಾಯ. ತರಗತಿಯಲ್ಲಿ ಒಬ್ಬನ ಹೆಸರನ್ನು ಒಬ್ಬಳ ಹೆಸರಿಗೆ ಗಂಟುಹಾಕಿ ಕೂಗುವುದು, ಒಬ್ಬರೇ ಓದಲೆಂದು ಬರೆದ ಸಂದೇಶದ ಚಿತ್ರವನ್ನು ವಾಟ್ಸಾಪ್ ಗುಂಪಿನಲ್ಲಿ ಹರಿಯಬಿಡುವುದು, ‘ಇಂದೇ ಹೇಳಿಬಿಡು’ ಎಂದು ಗೆಳೆಯನನ್ನು ಹಿಂದಿನಿಂದ ನೂಕುವುದು ಇವು ವಿನೋದವೆಂದು ನಡೆಯುತ್ತವೆ. ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಕಾರು ಓಡಿಸುವ ಆಟವನ್ನು ಕಂಪ್ಯೂಟರಿನ ಮೇಲೆ ಆಡುವಾಗ ಹದಿಹರೆಯದವರು ಗೆಳೆಯರ ಎದುರಿನಲ್ಲಿ ಒಂಟಿಯಾಗಿರುವಾಗಿಗಿಂತ ಹೆಚ್ಚಿನ ಅಪಾಯಕ್ಕೆ ಕೈಹಾಕಿದರು. ವಯಸ್ಕರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಪ್ರೇಕ್ಷಕರ ಮುಂದೆ ಕೇಳಿದ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಅದು ಅವಮಾನವಾಗಿ ಕಾಣುತ್ತದೆ. ಏಕಾಂತದಲ್ಲಿ ಅದು ಬರಿಯ ಉತ್ತರ.

ಪ್ರೇಕ್ಷಕರು ಹೊರಗಿನವರಾದಾಗ ಪರಿಣಾಮ ಇನ್ನೂ ಘೋರ. ನಮ್ಮ ಜಿಲ್ಲೆಗೆ ಇದರ ಕಹಿ ಅನುಭವವಿದೆ. 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿದ ಗುಂಪು ತರುಣಿಯರನ್ನು ಹೊಡೆದು ಅಟ್ಟಿತು. 2012ರ ಜುಲೈ 28ರಂದು ಪಡೀಲಿನ ಹೋಮ್‌ಸ್ಟೇಯಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಯುವಕ ಯುವತಿಯರ ಮೇಲೆ ಮತ್ತೊಂದು ಗುಂಪು ಬಿದ್ದಿತು. ಅಂದಿನಿಂದ, ಬೇರೆ ಬೇರೆ ಮತದ ಸಹಪಾಠಿಗಳು ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತು ಗಣಿತದ ಲೆಕ್ಕ ಬಿಡಿಸಬೇಕಾದರೂ ಸುತ್ತ ಕಣ್ಣು ಹಾಯಿಸುವಂತಾಗಿದೆ. ಹುಡುಗನನ್ನು ‘ಅಣ್ಣ’ ಎಂದು ಕರೆದು ಸ್ನೇಹಕ್ಕೆ ರಕ್ಷಣೆ ಹುಡುಕುವ ಹುಡುಗಿಯರುಂಟು. ವದಂತಿ ಮನೆ ಮುಟ್ಟಿತೆಂದರೆ ಹುಡುಗನಿಗೆ ಬೈಗುಳ, ಹುಡುಗಿಗೆ ಓದಿಗೇ ಸಂಚಕಾರ. ಏನೂ ನಡೆಯದಿದ್ದರೂ ದಂಡ ತೆರತಕ್ಕವಳು ಅವಳು. ಈ ಅನ್ಯಾಯವನ್ನು ಸಂಸ್ಕೃತಿಯ ಹೆಸರಿನಿಂದ ಮುಚ್ಚಲಾಗದು.

ಹಿರಿಯರ ಭಯಕ್ಕೆ ಆಧಾರವೇ ಇಲ್ಲವೆಂದು ನಾವು ಹೇಳುವುದಿಲ್ಲ. ಅನುಭವವಿಲ್ಲದ ವಯಸ್ಸಿನಲ್ಲಿ ವಂಚನೆಗೆ ಒಳಗಾಗುವುದು ಸುಲಭ. ಕಾನೂನೂ ಈ ವಿಷಯದಲ್ಲಿ ಕಟ್ಟುನಿಟ್ಟಾಗಿದೆ. 2012ರ ಪೋಕ್ಸೊ ಕಾಯಿದೆಯ ಪ್ರಕಾರ 18 ತುಂಬದವರೆಲ್ಲರೂ ಮಕ್ಕಳು. ಲೈಂಗಿಕ ಸಂಬಂಧಕ್ಕೆ ಅವರ ಒಪ್ಪಿಗೆ ಒಪ್ಪಿಗೆಯಲ್ಲ. ಈ ವಯೋಮಿತಿಯನ್ನು ಇಳಿಸಬಾರದೆಂದು ಕಾನೂನು ಆಯೋಗವು 2023ರಲ್ಲಿ ಸಲಹೆಯಿತ್ತಿತು. ವಿದ್ಯಾರ್ಥಿಗಳು ಇದನ್ನು ತಿಳಿದಿರತಕ್ಕದ್ದು. ಆದರೆ ಮಾತುಕತೆಯನ್ನಾಗಲಿ, ಜೊತೆಯಲ್ಲಿ ನಡೆಯುವುದನ್ನಾಗಲಿ ಯಾವ ಕಾನೂನೂ ನಿಷೇಧಿಸಿಲ್ಲ. ಬೆದರಿಸಿದರೆ ಮಕ್ಕಳು ಆಕರ್ಷಣೆಯನ್ನು ಬಿಡುವುದಿಲ್ಲ, ಹಿರಿಯರಿಗೆ ಹೇಳುವುದನ್ನು ಬಿಡುತ್ತಾರೆ. ನಿಜವಾದ ಅಪಾಯ ಬಂದ ದಿನ ಅವರು ಯಾರ ಬಳಿಗೆ ಹೋಗಬೇಕು?

ವಿದ್ಯಾರ್ಥಿ ಮಿತ್ರರಿಗೆ ನಮ್ಮ ಮಾತು ಇಷ್ಟು. ಮನಸ್ಸಿನಲ್ಲಿ ಮೂಡಿದ್ದನ್ನು ಹೇಳಲೇಬೇಕೆಂಬ ಅವಸರ ಬೇಡ. ಕೆಲವು ತಿಂಗಳು ಕಾದರೆ ಹಲವು ಆಕರ್ಷಣೆಗಳು ತಾವಾಗಿ ತಣಿಯುತ್ತವೆ, ಸ್ನೇಹ ಉಳಿಯುತ್ತದೆ. ಹೇಳುವುದಾದರೆ ಒಬ್ಬರೇ ಇದ್ದಾಗ ಹೇಳಿ, ‘ಇಲ್ಲ’ ಎಂದರೆ ಅಲ್ಲಿಗೇ ನಿಲ್ಲಿಸಿ. ಒಮ್ಮೆ ಜೊತೆಗೆ ಕುಳಿತು ಗಡ್‌ಬಡ್ ಐಸ್‌ಕ್ರೀಮ್ ತಿಂದ ಮಾತ್ರಕ್ಕೆ ಯಾರೂ ಯಾರಿಗೂ ಋಣಿಗಳಲ್ಲ. ಗೆಳೆಯನು ತನ್ನ ಗುಟ್ಟನ್ನು ನಿಮ್ಮಲ್ಲಿ ಹೇಳಿಕೊಂಡರೆ ಅದನ್ನು ನಿಮ್ಮಲ್ಲಿಯೇ ಇಟ್ಟುಕೊಳ್ಳಿ.

ಹಿರಿಯರಲ್ಲಿಯೂ ಒಂದು ವಿಜ್ಞಾಪನೆ. ಮಗಳೋ ಮಗನೋ ಒಂದು ಹೆಸರನ್ನು ಮತ್ತೆ ಮತ್ತೆ ಎತ್ತಿದಾಗ ಜಾತಿ ಮತಗಳನ್ನು ವಿಚಾರಿಸುವ ಮೊದಲು ಆ ವ್ಯಕ್ತಿ ಎಂಥವನು, ಎಂಥವಳು ಎಂದು ಸಮಾಧಾನದಿಂದ ಕೇಳಿರಿ. ನಾಳೆ ಒಂದೇ ಕಚೇರಿಯಲ್ಲಿ, ಒಂದೇ ಆಸ್ಪತ್ರೆಯಲ್ಲಿ ಜೊತೆಯಾಗಿ ದುಡಿಯತಕ್ಕವರು ಇವರೇ. ಇಂದು ಒಬ್ಬರನ್ನೊಬ್ಬರು ಸ್ನೇಹಿತರೆಂದು ಕಾಣಲು ಕಲಿಯದವರು ನಾಳೆ ಸಹೋದ್ಯೋಗಿಗಳೆಂದು ಗೌರವಿಸುವುದನ್ನು ಎಲ್ಲಿಂದ ಕಲಿತಾರು?