ದಾಂಪತ್ಯದ ನಡುವೆ ಮೊಬೈಲು: ಲೆಕ್ಕ ಕೇಳುವವರು ಯಾರು, ಕೊಡುವವರು ಯಾರು?

‘ಯಾವಾಗ ನೋಡಿದರೂ ಮೊಬೈಲೇ’ ಎಂದು ಗಂಡನ ಮೇಲೆ ಹೆಂಡತಿ, ಹೆಂಡತಿಯ ಮೇಲೆ ಗಂಡ ಹೇಳುವ ದೂರಿನೊಳಗೆ ಮೂರು ಬೇರೆ ಬೇರೆ ದೂರುಗಳು ಬೆರೆತಿರುತ್ತವೆ. ಮಾತನಾಡಿಸಿದರೆ ಕಿವಿಗೊಡುವುದಿಲ್ಲ ಎಂಬುದು ಒಂದು. ಮನೆಯ, ಮಕ್ಕಳ ಕೆಲಸಕ್ಕೆ ಕೈ ಹಾಕುವುದಿಲ್ಲ ಎಂಬುದು ಇನ್ನೊಂದು. ಆ ಕಡೆ ಯಾರಿದ್ದಾರೆ ಎಂಬ ಅನುಮಾನ ಮೂರನೆಯದು. ಅದು ಬಾಯಿಗೆ ಬರುವುದು ಕೊನೆಗೆ, ಬಂದಾಗ ಜೋರಾಗಿಯೇ ಬರುತ್ತದೆ. ಇವುಗಳಿಗೆ ಕಾರಣವೂ ಬೇರೆ, ಮದ್ದೂ ಬೇರೆ. ಆದರೂ ಎಲ್ಲವನ್ನೂ ‘ಮೊಬೈಲ್ ಚಟ’ ಎಂಬ ಒಂದೇ ಹೆಸರಿನಲ್ಲಿ ಕರೆದು, ‘ಫೋನು ಪಕ್ಕಕ್ಕಿಡಿ’ ಎಂಬ ಒಂದೇ ಬುದ್ಧಿಮಾತಿನಲ್ಲಿ ಮುಗಿಸುವುದು ರೂಢಿ. ರೇಷ್ಮೆಗೂಡಿನ ಹರಾಜು, ತರಕಾರಿಯ ದರ, ಕಾರ್ಖಾನೆಯ ಪಾಳಿ ಎಲ್ಲವೂ ಫೋನಿನ ಮೇಲೆ ನಿಂತಿರುವ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಆ ಬುದ್ಧಿಮಾತು ಬಹಳ ದೂರ ಹೋಗುವುದಿಲ್ಲ.

ಎದುರಿಗಿರುವ ಸಂಗಾತಿಯನ್ನು ಬಿಟ್ಟು ಪರದೆಯಲ್ಲಿ ಮುಳುಗುವ ವರ್ತನೆಯ ಮೇಲೆ ಹತ್ತು ಹನ್ನೆರಡು ವರ್ಷಗಳಿಂದ ಮನೋವಿಜ್ಞಾನದಲ್ಲಿ ಅಧ್ಯಯನಗಳು ನಡೆದಿವೆ. ಹೆಚ್ಚು ಉಲ್ಲೇಖವಾಗುವುದು ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಜೇಮ್ಸ್ ರಾಬರ್ಟ್ಸ್ ಮತ್ತು ಮೆರಿಡಿತ್ ಡೇವಿಡ್ 2016ರಲ್ಲಿ ಪ್ರಕಟಿಸಿದ ಅಧ್ಯಯನ. ಅವರು 453 ವಯಸ್ಕರನ್ನು ವಿಚಾರಿಸಿದಾಗ ಶೇ 46ರಷ್ಟು ಮಂದಿ ಸಂಗಾತಿ ಫೋನಿಗಾಗಿ ತಮ್ಮನ್ನು ಕಡೆಗಣಿಸುತ್ತಾರೆ ಎಂದರು. ಅದರಿಂದ ಜಗಳವಾಗುತ್ತದೆ ಎಂದವರು ಶೇ 22.6. ಅಂಕಿಗಳಿಗಿಂತ ಮುಖ್ಯವಾದದ್ದು ಅವರು ಗುರುತಿಸಿದ ಕೊಂಡಿ: ದಾಂಪತ್ಯದ ನೆಮ್ಮದಿ ಕೆಡುವುದು ಬಹುಪಾಲು ಫೋನಿನ ಬಳಕೆ ಹುಟ್ಟಿಸುವ ಕಿತ್ತಾಟದ ಮೂಲಕ. ಅಂದರೆ ಬಳಕೆ ಅಷ್ಟೇ ಇದ್ದರೂ ಜಗಳವಿಲ್ಲದ ಮನೆಯಲ್ಲಿ ಹಾನಿ ಕಡಿಮೆ.

ದಾಂಪತ್ಯದ ಬಗ್ಗೆ ದಶಕಗಳ ಕಾಲ ಸಂಶೋಧನೆ ನಡೆಸಿದ ಜಾನ್ ಗಾಟ್‌ಮನ್ ಅವರ ತಂಡದ ಶೋಧನೆಯನ್ನು ಇದರ ಜೊತೆಗಿಟ್ಟು ನೋಡಬೇಕು. ಗಂಡ ಹೆಂಡಿರು ದಿನವಿಡೀ ಒಬ್ಬರನ್ನೊಬ್ಬರು ಚಿಕ್ಕಪುಟ್ಟ ಮಾತುಗಳಿಂದ ಕರೆಯುತ್ತಲೇ ಇರುತ್ತಾರೆ: ಮಳೆ ಬರೋ ಹಂಗಿದೆ ಎನ್ನುವುದು, ಪಕ್ಕದ ಮನೆಯವರ ವಿಚಾರ ತೆಗೆಯುವುದು, ಕೈಯಲ್ಲಿರುವುದನ್ನು ತೋರಿಸುವುದು. ಮದುವೆಯಾಗಿ ಆರು ವರ್ಷದ ನಂತರವೂ ಒಟ್ಟಿಗಿದ್ದ ದಂಪತಿಗಳು ಇಂಥ ಕರೆಗಳಲ್ಲಿ ಶೇ 86ಕ್ಕೆ ಓಗೊಟ್ಟಿದ್ದರು. ಬೇರೆಯಾದವರು ಓಗೊಟ್ಟಿದ್ದು ಶೇ 33ಕ್ಕೆ ಮಾತ್ರ. ಸ್ಮಾರ್ಟ್‌ಫೋನು ಬರುವುದಕ್ಕಿಂತ ಎಷ್ಟೋ ಮೊದಲಿನ ಮಾತಿದು. ಫೋನು ಮಾಡಿದ್ದು ಇಷ್ಟೇ: ಓಗೊಡದೆ ಇರುವುದನ್ನು ಸಲೀಸು ಮಾಡಿತು. ಕಣ್ಣು ಪರದೆಯ ಮೇಲಿಟ್ಟು ‘ಹ್ಞೂಂ’ ಎಂದರೆ ಕೇಳಿಸಿಕೊಂಡಂತೆ ತೋರುತ್ತದೆ. ಏನು ಹೇಳಿದೆ ಎಂದು ತಿರುಗಿ ಕೇಳಿದರೆ ಉತ್ತರವಿರುವುದಿಲ್ಲ.

ಭಾರತದಲ್ಲಿ ಈ ಕುರಿತು ಸಿಗುವ ಹೆಸರಾಂತ ಸಮೀಕ್ಷೆಯನ್ನು ಮಾಡಿಸಿದ್ದು ಒಂದು ಫೋನ್ ಕಂಪನಿಯೇ ಎಂಬುದು ತಮಾಷೆಯ ಸಂಗತಿ. ವಿವೋ ಕಂಪನಿಗಾಗಿ ಸೈಬರ್‌ಮೀಡಿಯಾ ರಿಸರ್ಚ್ ಸಂಸ್ಥೆ 2022ರಲ್ಲಿ ಬೆಂಗಳೂರೂ ಸೇರಿದ ದೊಡ್ಡ ನಗರಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಅತಿಯಾದ ಫೋನ್ ಬಳಕೆ ತಮ್ಮ ದಾಂಪತ್ಯವನ್ನು ಕೆಡಿಸುತ್ತಿದೆ ಎಂದು ಶೇ 88ರಷ್ಟು ವಿವಾಹಿತರು ಒಪ್ಪಿದರು. ಮಹಾನಗರದ ಉತ್ತರವನ್ನು ಚಿಂತಾಮಣಿಗೋ ಗೌರಿಬಿದನೂರಿಗೋ ಹಾಗೇ ಅನ್ವಯಿಸಲಾಗದು. ಇನ್ನೊಂದು ಎಚ್ಚರವೂ ಬೇಕು. ಇಂಥ ಅಧ್ಯಯನಗಳಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸುವುದು ಕಷ್ಟ. ಮನಸ್ಸು ಮುರಿದ ಮೇಲೆ ಫೋನು ಹಿಡಿದವರೂ ಇದ್ದಾರೆ. ಮಾತು ಶುರುವಾದರೆ ಜಗಳವೇ ಎಂದು ಗೊತ್ತಿರುವ ಮನೆಯಲ್ಲಿ ಪರದೆಯೊಂದು ಆಸರೆ.

ಚಿಕ್ಕಬಳ್ಳಾಪುರ ಸೀಮೆಯ ಸ್ಥಿತಿ ಬೇರೆಯಾಗುವುದು ಇಲ್ಲಿಂದ. 2007ರಲ್ಲಿ ಕೋಲಾರದಿಂದ ಬೇರೆಯಾದ ಈ ಜಿಲ್ಲೆಯಲ್ಲಿ ಶಾಶ್ವತ ನದಿಯಿಲ್ಲ. ಕೊಳವೆಬಾವಿ, ರೇಷ್ಮೆ, ತರಕಾರಿ, ಹೂವು, ಹಾಲು ಇವುಗಳ ಮೇಲೆ ಬದುಕು ನಡೆದಿದೆ. ಇವೆಲ್ಲ ಹೊತ್ತು ಮೀರಿದರೆ ಬೆಲೆ ಕಳೆದುಕೊಳ್ಳುವ ಮಾಲು. ಶಿಡ್ಲಘಟ್ಟದ ಸರ್ಕಾರಿ ಗೂಡು ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರುಗಳು ಇ-ಹರಾಜಿನಲ್ಲಿ ಮೊಬೈಲಿನಿಂದಲೇ ಬೆಲೆ ಕೂಗುತ್ತಾರೆ. ಚಿಂತಾಮಣಿಯ ಟೊಮೆಟೊ ಬೆಳೆಗಾರ ರಾತ್ರಿ ವಾಟ್ಸ್‌ಆ್ಯಪ್ ಗುಂಪು ನೋಡದೆ ಬೆಳಿಗ್ಗೆ ಕೀಳಿಸುವುದಿಲ್ಲ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದ್ದಾಗ ಒಂದು ಕರೆ ತಪ್ಪಿದರೂ ಸಾವಿರಾರು ರೂಪಾಯಿಯ ಮಾತು. ಹೂವು ಬೆಳೆಯುವವರ ಫೋನು ಹಬ್ಬದ ಹಿಂದಿನ ದಿನ ಕೆಳಗಿಳಿಯುವುದಿಲ್ಲ. ಇಂಥವರಿಗೆ ಫೋನು ಮುಚ್ಚಿಡಿ ಎಂದರೆ ಅಂಗಡಿ ಮುಚ್ಚಿ ಎಂದಂತೆ.

ತೊಂದರೆ ಏನೆಂದರೆ ದರ ನೋಡುವ ಫೋನು, ರೀಲ್ಸ್ ನೋಡುವ ಫೋನು, ಆನ್‌ಲೈನ್ ರಮ್ಮಿ ಆಡಿದ್ದ ಫೋನು ಎಲ್ಲ ಒಂದೇ. ಎದುರು ಕೂತವರಿಗೆ ಕಾಣುವುದು ಬಗ್ಗಿದ ತಲೆ ಮಾತ್ರ. ಹಿಂದೆ ಲೆಕ್ಕದ ಪುಸ್ತಕ ಬಿಚ್ಚಿದರೆ ಗಂಡ ವ್ಯವಹಾರದಲ್ಲಿದ್ದಾನೆ ಎಂದು ತಿಳಿಯುತ್ತಿತ್ತು, ಇಸ್ಪೀಟು ಹಿಡಿದರೆ ಅದೂ ತಿಳಿಯುತ್ತಿತ್ತು. ಈಗ ‘ಕೆಲಸ ಇದೆ’ ಎಂಬ ಉತ್ತರವನ್ನು ನಂಬಬೇಕೋ ಬೇಡವೋ ಎಂಬುದನ್ನು ಹೆಂಡತಿಯೇ ಊಹಿಸಿಕೊಳ್ಳಬೇಕು. ಆ ಊಹೆ ದಿನಕ್ಕೆ ಹತ್ತು ಸಲ ನಡೆಯುತ್ತದೆ.

ಇದರ ಜೊತೆಗೆ ದಂಪತಿ ಒಟ್ಟಿಗೆ ಸಿಗುವ ಹೊತ್ತೇ ಕಡಿಮೆಯಾಗುತ್ತಿದೆ. ಗೌರಿಬಿದನೂರಿನಿಂದ ರೈಲಿನಲ್ಲಿ, ಚಿಕ್ಕಬಳ್ಳಾಪುರದಿಂದ ಹೆದ್ದಾರಿಯ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿಬರುವವರಿಗೆ ದಿನದ ಮೂರು ನಾಲ್ಕು ಗಂಟೆ ದಾರಿಗೇ ಸರಿ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗುವ ಹೆಂಗಸರ ಸಂಖ್ಯೆಯೂ ಏರಿದೆ. ದಾರಿಯಲ್ಲಿ ಹಿಡಿದ ಫೋನು ಮನೆಯ ಬಾಗಿಲು ದಾಟಿದ ಮೇಲೂ ಕೈಯಲ್ಲೇ ಉಳಿಯುತ್ತದೆ.

ರೇಷ್ಮೆ ಮನೆಯ ಉದಾಹರಣೆ ಇಲ್ಲಿ ಹೆಚ್ಚು ಕಲಿಸುತ್ತದೆ. ಹುಳು ತನ್ನ ಜೀವನದಲ್ಲಿ ತಿನ್ನುವ ಒಟ್ಟು ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚನ್ನು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಮೇಲಿನ ಐದನೇ ಹಂತದಲ್ಲಿ, ಅಂದರೆ ಕೊನೆಯ ಒಂದು ವಾರದಲ್ಲಿ ತಿನ್ನುತ್ತದೆ. ಆ ವಾರ ಗಂಡ ಹೆಂಡತಿ ಇಬ್ಬರಿಗೂ ತೋಟಕ್ಕೂ ಹುಳು ಮನೆಗೂ ಓಡಾಟ. ನಂತರ ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಕೆಲಸ. ಎದುರುಬದುರು ಕೂತು ‘ಮಾತಾಡೋಣ’ ಎಂದು ಮಾತಾಡುವ ಪದ್ಧತಿ ಈ ಮನೆಗಳಲ್ಲಿ ಎಂದೂ ಇರಲಿಲ್ಲ. ಸೊಪ್ಪು ಹಾಕುವಾಗ, ಹಾಲು ಕರೆಯುವಾಗ, ಅವರೆಕಾಯಿ ಸುಲಿಯುವಾಗ, ಕೈ ಕೆಲಸದಲ್ಲಿದ್ದು ಬಾಯಿ ಬಿಡುವಾಗಿದ್ದಾಗ ಸಂಸಾರದ ಮಾತೆಲ್ಲ ನಡೆದುಹೋಗುತ್ತಿತ್ತು: ಮಗಳ ಫೀಸು, ಬಡ್ಡಿ, ನಾದಿನಿಯ ಮದುವೆ, ಮುನಿಸು, ರಾಜಿ. ಈಗ ಅದೇ ಹೊತ್ತಿಗೆ ಗೋಡೆಗೆ ಒರಗಿಸಿಟ್ಟ ಫೋನಿನಲ್ಲಿ ಯೂಟ್ಯೂಬ್ ಓಡುತ್ತಿರುತ್ತದೆ. ಗಡಿಭಾಗದ ಈ ಮನೆಗಳಲ್ಲಿ ಒಮ್ಮೆ ಕನ್ನಡದಲ್ಲಿ, ಒಮ್ಮೆ ತೆಲುಗಿನಲ್ಲಿ. ಅಥವಾ ಒಬ್ಬರ ಕಿವಿಯಲ್ಲಿ ಇಯರ್‌ಫೋನು. ಕೆಲಸ ನಿಲ್ಲುವುದಿಲ್ಲ, ಆದ್ದರಿಂದ ಯಾರಿಗೂ ತಪ್ಪೆನಿಸುವುದಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಆದ ದೊಡ್ಡ ನಷ್ಟ ಇದು. ‘ಊಟದ ಹೊತ್ತಿಗೆ ಫೋನು ಬೇಡ’ ಎಂಬ ಪತ್ರಿಕಾ ಸಲಹೆ ಇಲ್ಲಿ ತಲುಪದಿರುವುದಕ್ಕೂ ಇದೇ ಕಾರಣ. ಗಂಡಸರು ಮಕ್ಕಳು ಉಂಡ ಮೇಲೆ ಹೆಂಗಸರು ಉಣ್ಣುವ ಮನೆಗಳಲ್ಲಿ ಊಟದ ಹೊತ್ತು ದಂಪತಿಯ ಹೊತ್ತೇ ಅಲ್ಲ.

ಟಿ.ವಿ. ಬಂದಾಗಲೂ ಇದೇ ಗೊಣಗಾಟವಿತ್ತು ಎಂದು ವಾದಿಸುವವರಿದ್ದಾರೆ. ನಿಜ, ಆದರೆ ಟಿ.ವಿ. ಮನೆಗೆ ಒಂದೇ ಇತ್ತು. ಧಾರಾವಾಹಿಯ ಅತ್ತೆಯನ್ನು ಬೈಯುವುದರಲ್ಲಾದರೂ ಎಲ್ಲರೂ ಸೇರುತ್ತಿದ್ದರು.

ಬಳಕೆ ಎರಡೂ ಕಡೆ ಇದೆ. ಲೆಕ್ಕ ಕೊಡಬೇಕಾದವರು ಮಾತ್ರ ಬಹುಪಾಲು ಒಂದೇ ಕಡೆ. ಈ ಚರ್ಚೆಗಳಲ್ಲಿ ಸಾಮಾನ್ಯವಾಗಿ ತಪ್ಪಿಹೋಗುವ ಅಂಶವಿದು. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಾವೇ ಬಳಸುವ ಫೋನು ತಮ್ಮ ಬಳಿ ಇದೆ ಎಂದ ಮಹಿಳೆಯರು ದೇಶದಲ್ಲಿ ಶೇ 54. ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಮಹಿಳೆಯರು ಶೇ 33, ಗಂಡಸರು ಶೇ 57. ಆಮೇಲೆ ಅಂತರ ಕಡಿಮೆಯಾಗಿರಬಹುದು, ಆದರೆ ಅಂತರದ ಜೊತೆಗೆ ಹುಟ್ಟಿದ ನಡವಳಿಕೆ ಉಳಿದಿದೆ. ಗಂಡನ ಫೋನಿಗೆ ಲಾಕು ಇದ್ದರೆ ಅದು ವ್ಯವಹಾರದ ಗುಟ್ಟು. ಹೆಂಡತಿಯ ಫೋನಿಗೆ ಲಾಕು ಇದ್ದರೆ ಅತ್ತೆಯಿಂದ ಹಿಡಿದು ಮೈದುನನವರೆಗೆ ಎಲ್ಲರೂ ಕೇಳುವವರೇ. ಗಂಡ ರಾತ್ರಿ 11ಕ್ಕೆ ಆನ್‌ಲೈನ್ ಇದ್ದರೆ ಬೇಜಾರು ಕಳೆಯುತ್ತಿದ್ದಾನೆ. ಹೆಂಡತಿ ಇದ್ದರೆ ಯಾರ ಜೊತೆ ಎಂಬ ಪ್ರಶ್ನೆ. ಆಕೆ ತವರಿಗೆ ಮಾತಾಡಿದ ನಿಮಿಷಗಳೂ ಎಣಿಕೆಗೆ ಬರುತ್ತವೆ. ಹೀಗಾಗಿ ಒಂದೇ ಹೆಸರಿನ ಎರಡು ಜಗಳಗಳು ನಡೆಯುತ್ತವೆ. ಹೆಂಡತಿ ಕೇಳುವುದು ಗಂಡನ ಗಮನವನ್ನು. ಗಂಡ ಕೇಳುವುದು ಬಹಳ ಸಲ ಹೆಂಡತಿಯ ಪಾಸ್‌ವರ್ಡನ್ನು. ಹೊಸದಾಗಿ ಮದುವೆಯಾಗಿ ಬಂದವಳಿಗೆ, ಊರಿನ ಯಾರ ಪರಿಚಯವೂ ಇಲ್ಲದ ಹೊತ್ತಿನಲ್ಲಿ, ಫೋನು ತವರಿನ ಬಾಗಿಲು. ಅದನ್ನು ಕಿತ್ತುಕೊಳ್ಳುವುದನ್ನು ‘ಚಟ ಬಿಡಿಸುವುದು’ ಎಂದು ಕರೆಯುವುದು ತಪ್ಪು.

ಅನುಮಾನದ ಹಂತಕ್ಕೆ ಬಂದ ಜಗಳ ಬೇಗ ಠಾಣೆ, ಕೋರ್ಟು ಮುಟ್ಟುತ್ತದೆ. ಕಾನೂನು ಹೇಳುವುದು ಸ್ಪಷ್ಟವಿದೆ. 1955ರ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 13ರಡಿ ಕ್ರೌರ್ಯವು ವಿಚ್ಛೇದನಕ್ಕೆ ಆಧಾರ. ಮಾನಸಿಕ ಕ್ರೌರ್ಯವೂ ಅದರಲ್ಲಿ ಸೇರಿದೆ. ಆದರೆ 2007ರ ಸಮರ್ ಘೋಷ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಂಸಾರದಲ್ಲಿ ದಿನನಿತ್ಯ ಬಂದುಹೋಗುವ ಕಿರಿಕಿರಿ, ಜಗಳಗಳು ಸಾಲವು, ದೀರ್ಘಕಾಲ ನಡೆದ ಅಸಹನೀಯ ವರ್ತನೆ ಬೇಕು ಎಂದಿತು. ಹಾಗಾಗಿ ಫೋನು ನೋಡುತ್ತಾ ಕೂರುವುದೊಂದೇ ವಿಚ್ಛೇದನಕ್ಕೆ ಕಾರಣವಾಗುವುದು ಕಷ್ಟ. ಫೋನಿನಲ್ಲಿ ಸಿಕ್ಕಿದ್ದು ಸಾಕ್ಷಿಯಾಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. 2025ರ ಜುಲೈ 14ರಂದು ವಿಭೋರ್ ಗರ್ಗ್ ಪ್ರಕರಣದಲ್ಲಿ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಸಂಗಾತಿಗೆ ತಿಳಿಯದಂತೆ ಮಾಡಿದ ಫೋನ್ ರೆಕಾರ್ಡಿಂಗನ್ನು ವೈವಾಹಿಕ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದು ತೀರ್ಪಿತ್ತು, ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ 2021ರ ಆದೇಶವನ್ನು ರದ್ದುಮಾಡಿತು. ಇಂಥ ಸಾಕ್ಷ್ಯ ಒಪ್ಪಿದರೆ ಮನೆಮನೆಯಲ್ಲೂ ಪತ್ತೇದಾರಿ ಶುರುವಾಗುತ್ತದೆ ಎಂಬ ವಾದವನ್ನು ಪೀಠ ಒಪ್ಪಲಿಲ್ಲ. ದಂಪತಿ ಒಬ್ಬರ ಬೆನ್ನಿಗೊಬ್ಬರು ಬಿದ್ದಿದ್ದರೆ ಆ ಸಂಬಂಧ ಮೊದಲೇ ಮುರಿದಿತ್ತು ಎಂದು ಭಾವಿಸಿತು. ತರ್ಕ ಸರಿಯೇ ಇರಬಹುದು. ಆದರೆ ಫೋನು ಯಾರ ಹೆಸರಿನಲ್ಲಿದೆ, ರೀಚಾರ್ಜು ಯಾರು ಮಾಡಿಸುತ್ತಾರೆ, ಸೆಟ್ಟಿಂಗ್ಸ್ ಯಾರಿಗೆ ಗೊತ್ತು ಎಂಬುದರಲ್ಲೇ ಸಮಾನತೆಯಿಲ್ಲದ ಮನೆಯಲ್ಲಿ ರೆಕಾರ್ಡ್ ಮಾಡುವ ಅನುಕೂಲವೂ ಸಮನಾಗಿರುವುದಿಲ್ಲ. ಇದನ್ನು ವಿಚಾರಣಾ ನ್ಯಾಯಾಲಯಗಳು ಮುಂದೆ ಪ್ರಕರಣ ಪ್ರಕರಣಕ್ಕೂ ತೂಗಬೇಕಾಗುತ್ತದೆ.

ಪರಿಹಾರವಾಗಿ ಊರೊಟ್ಟಿನ ಪ್ರಯೋಗಗಳು ನಡೆದಿವೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ವಡಗಾಂವದಲ್ಲಿ 2022ರಿಂದ ಸಂಜೆ 7ಕ್ಕೆ ಸೈರನ್ ಕೂಗಿದೊಡನೆ ಟಿ.ವಿ., ಮೊಬೈಲು ಬಂದ್. ಬೆಳಗಾವಿಯ ಹಲಗಾ ಗ್ರಾಮ 2024ರ ಡಿಸೆಂಬರಿನಲ್ಲಿ ಅದೇ ದಾರಿ ಹಿಡಿದು 7ರಿಂದ 9ರವರೆಗೆ ಗೊತ್ತುಮಾಡಿತು. ಎರಡೂ ಕಡೆ ಮುಖ್ಯ ಗುರಿ ಮಕ್ಕಳ ಓದು, ದಾಂಪತ್ಯವಲ್ಲ. ಸಂಜೆ 7ರಿಂದ 9 ಶಿಡ್ಲಘಟ್ಟ, ಚಿಂತಾಮಣಿಯ ಹಳ್ಳಿಗಳಲ್ಲಿ ಮಾರನೆಯ ದಿನದ ಕೂಲಿಯಾಳು, ಗಾಡಿ, ದರ ಗೊತ್ತುಮಾಡಿಕೊಳ್ಳುವ ಹೊತ್ತು. ಇಲ್ಲಿಗೆ ಹೆಚ್ಚು ಒಗ್ಗುವುದು ಕೆಲಸದ ಕರೆಯನ್ನೂ ಉಳಿದ ಬಳಕೆಯನ್ನೂ ಬೇರೆ ಮಾಡುವ ಏರ್ಪಾಡು: ವ್ಯವಹಾರಕ್ಕೆ ಕೀಪ್ಯಾಡ್ ಫೋನು ಇಟ್ಟುಕೊಳ್ಳುವುದು, ದರದ ಗುಂಪು ಬಿಟ್ಟು ಉಳಿದ ನೋಟಿಫಿಕೇಶನ್ ನಿಲ್ಲಿಸುವುದು, ‘ದರ ನೋಡ್ತಿದೀನಿ, ಐದು ನಿಮಿಷ’ ಎಂದು ಬಾಯಿಬಿಟ್ಟು ಹೇಳುವುದು. ಕೊನೆಯದು ಕ್ಷುಲ್ಲಕವಾಗಿ ಕಾಣಬಹುದು. ಆದರೆ ಎದುರಿಗಿದ್ದವರು ಊಹಿಸುತ್ತ ಕೂರುವುದನ್ನು ಅದೊಂದು ಮಾತು ತಪ್ಪಿಸುತ್ತದೆ.

ಹಿಡಿತ ಮೀರಿದ ಬಳಕೆಗೆ ಚಿಕಿತ್ಸೆಯೂ ಉಂಟು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ‘ಶಟ್’ ಹೆಸರಿನ ಕ್ಲಿನಿಕ್ ತೆರೆದು ತಂತ್ರಜ್ಞಾನದ ಅತಿಬಳಕೆಗೆ ಸಮಾಲೋಚನೆ ನೀಡುತ್ತಿದೆ. ಬೆಂಗಳೂರಿಗೆ ಹೋಗಲಾಗದವರು 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಹೊಡೆತ, ಬೆದರಿಕೆ, ಫೋನು ಕಿತ್ತುಕೊಳ್ಳುವ ಹಂತ ತಲುಪಿದ್ದರೆ ಅದು ಸಮಾಲೋಚನೆಯಿಂದಷ್ಟೇ ಬಗೆಹರಿಯುವ ವಿಷಯವಲ್ಲ. ಮಹಿಳಾ ಸಹಾಯವಾಣಿ 181 ಇರುವುದು ಅದಕ್ಕೆ. ಕೋರ್ಟಿಗೆ ಹೋದವರಿಗೂ ರಾಜಿಯ ಬಾಗಿಲು ಮುಚ್ಚಿರುವುದಿಲ್ಲ: ಹೊಂದಾಣಿಕೆಗೆ ಯತ್ನಿಸುವುದು ವಿವಾಹ ಕಾಯ್ದೆಯ ಸೆಕ್ಷನ್ 23ರ ಪ್ರಕಾರ ನ್ಯಾಯಾಧೀಶರ ಕರ್ತವ್ಯ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ಅರ್ಜಿಯನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲೇ ಕೊಡಬಹುದು.